ನಿಂತವರ ಅಳತೆ

ಕೆರೆ ದಂಡೆಯ ಪಾರ್ಕು ಅಂದ ಕೂಡಲೇ ಏನೇನೋ ಕಲ್ಪಿಸಿಕೊಳ್ಳಬೇಡಿ. ಅಂಗೈಯಗಲದ ಜಾಗ, ಎರಡು ಮರ, ಮೂರು ಕಲ್ಲುಬೆಂಚು, ಅಷ್ಟೇ. ಅದರಲ್ಲೊಂದು ಬೆಂಚು ನಮ್ಮ ಟೈಲರ್ ದಂಪತಿಯದ್ದು ಅಂತ ಊರೇ ಒಪ್ಪಿಕೊಂಡಿತ್ತು. ಹೆಂಡತಿಗೆ ಮಂಡಿ ಸವೆದು, ಮನೆಯಿಂದ ಅಲ್ಲಿಗೆ ಬರುವುದೇ ಒಂದು ಯಾತ್ರೆ. ಬಂದು ಕೂತರೆ ಮಾತ್ರ ನೀರಿನಿಂದ ಕಣ್ಣು ಕೀಳುತ್ತಿರಲಿಲ್ಲ. ದಿನವಿಡೀ ಅಡುಗೆಮನೆಯ ಗೋಡೆ ನೋಡುವ ಜೀವಕ್ಕೆ ಆ ಒಂದು ಗಂಟೆಯೇ ಸರ್ವಸ್ವ. ಟೈಲರ್ ಪಕ್ಕದಲ್ಲಿ ಪೇಪರ್ ಓದುತ್ತಿದ್ದರು. ಕೆರೆ ಎಲ್ಲಿಗೆ ಓಡಿಹೋಗುತ್ತೆ, ನಾಳೆ ನೋಡಿದರಾಯಿತು ಅನ್ನುವ ಧೈರ್ಯ.

ಒಂದು ಸಂಜೆ ಪೇಪರ್ ಗಾಳಿಗೆ ಹಾರಿತು. ಹಿಡಿಯಲು ಬಗ್ಗಿದ ಟೈಲರ್ ಕನ್ನಡಕ ಬುಳಕ್ಕನೆ ನೀರಿಗೆ ಬಿತ್ತು. ತಪ್ಪು ತಮ್ಮದು ಅಂತ ಒಪ್ಪುವ ಆಸಾಮಿಯೇ ಅವರು? 'ತಡೆಗೋಡೆ ಕಟ್ಟಿಸಿ' ಅಂತ ನಗರಸಭೆಗೆ ಅರ್ಜಿ ಗೀಚಿದರು. ನಗರಸಭೆಯೋ, ಮಹಾ ಚುರುಕು! ನಾಲ್ಕೇ ವರ್ಷದಲ್ಲಿ ಇಂಜಿನಿಯರನ್ನು ಕಳಿಸಿತು.

"ಎಷ್ಟೆತ್ತರ ಬೇಕು ಸರ್?" ಅಂದ ಆತ.

ಅಳತೆ ಕೇಳಿದರೆ ಟೈಲರ್ ಬಿಡುತ್ತಾರಾ! ಅಂಗಡಿ ಮುಚ್ಚಿ ಆರು ವರ್ಷವಾದರೂ ಟೇಪು ಇನ್ನೂ ಜೇಬಲ್ಲೇ ಇತ್ತು. ನೆಟ್ಟಗೆ ನಿಂತು, ಅದರ ತುದಿಯನ್ನು ಕಾಲಿನ ಹೆಬ್ಬೆರಳಿನಿಂದ ಮೆಟ್ಟಿ, ಎದೆಯ ತನಕ ಎಳೆದರು.

"ಐವತ್ತು ಇಂಚು. ಬರ್ಕೊಳ್ಳಿ. ನೂಲೆಳೆಯಷ್ಟೂ ಹೆಚ್ಚುಕಮ್ಮಿ ಆಗ್ಬಾರ್ದು."

ತಲೆ ಓಡಿಸುವ ಕೆಲಸ ತಪ್ಪಿದ್ದಕ್ಕೆ ಇಂಜಿನಿಯರ್ ಖುಷಿಯಾಗಿ ಬರೆದುಕೊಂಡ.

ಗೋಡೆ ಎದ್ದಿತು, ಸರಿಯಾಗಿ ಐವತ್ತು ಇಂಚು. ಅಂದ ಹೆಚ್ಚಲಿ ಅಂತ ಅದರ ಮೇಲೆ ಕೆರೆಯ ಚಿತ್ರ ಬೇರೆ! ಮೊದಲ ಸಂಜೆ ಟೈಲರ್ ಗೋಡೆಯ ಮೇಲೆ ಕೈಯೂರಿ, ಎದೆಯುಬ್ಬಿಸಿ ನಿಂತರು.

"ರೀ, ನೀರೆಲ್ಲಿ?" ಬೆಂಚಿನಿಂದ ಹೆಂಡತಿಯ ದನಿ.

"ಇಲ್ಲೇ ಇದೆಯಲ್ಲೇ, ಕಣ್ಮುಂದೆ!"

"ಬಂದು ಕೂತ್ಕೊಂಡು ಹೇಳಿ."

ಕೂತರು. ಗೋಡೆ ಕಂಡಿತು, ಗೋಡೆ ಮಾತ್ರ ಕಂಡಿತು. ಅಂಗಡಿಯಲ್ಲಿ ಗಿರಾಕಿಗಳೆಲ್ಲ ನಿಂತೇ ಅಳತೆ ಕೊಡುತ್ತಿದ್ದರು. ಪಾರ್ಕಿಗೆ ಜನ ಕೂರೋಕೆ ಬರುತ್ತಾರೆ ಅನ್ನುವುದು ಟೈಲರ್ ತಲೆಗೆ ಹೊಳೆದೇ ಇರಲಿಲ್ಲ.

"ನಾಳೇನೇ ಅರ್ಜಿ ಹಾಕ್ತೀನಿ ಕಣೇ, ಒಂದಡಿ ಇಳಿಸೋಕೆ."

"ಹಾಕಿ. ಇನ್ನು ನಾಲ್ಕು ವರ್ಷ ಈ ಮಂಡಿ ನನ್ನ ಇಲ್ಲಿಗೆ ತಂದ್ರೆ ನೋಡ್ತೀನಿ."

ಗೋಡೆಯಾಚೆ ಇಣುಕೋಣವೆಂದು ಆಕೆ ಗಂಡನ ಭುಜ ಹಿಡಿದು ಏಳಲು ನೋಡಿದರು. ಅರ್ಧಕ್ಕೇ ಕುಸಿದು ಕೂತರು. ಬಾಯಿಗೆ ಹೆಸರಾದ ಹೆಂಗಸು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಟೈಲರ್ ಪೇಪರ್ ಮಡಚಿಟ್ಟು ಗೋಡೆಯ ಹತ್ತಿರ ಹೋದರು.

"ಏನು ಕಾಣ್ಸುತ್ತೆ?"

"ನೀರು."

"ನೀರಿರೋದು ನಂಗೂ ಗೊತ್ತು. ಬಿಳಿ ಹಕ್ಕಿ ಬಂತಾ?"

"ಯಾವ ಹಕ್ಕಿ?"

"ಅಯ್ಯೋ, ದಿನಾ ಈ ಹೊತ್ತಿಗೆ ಬಲಗಡೆ ಬಂಡೆ ಮೇಲೆ ಒಂಟಿಕಾಲಲ್ಲಿ ನಿಲ್ಲುತ್ತಲ್ರೀ!"

ಎಷ್ಟೋ ವರ್ಷ ಇದೇ ಕೆರೆಯ ಮುಂದೆ ಕೂತ ಮನುಷ್ಯ, ಬಂಡೆ ಎಲ್ಲಿದೆ ಅಂತ ಹುಡುಕಿದರು. ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದರು.

"ಬಂದಿದೆ ಕಣೇ," ಅಂದರು.

"ಹಾಗಾದ್ರೆ ಅದು ಹಾರೋ ತನಕ ಅಲ್ಲೇ ನಿಂತು ಹೇಳ್ತಾ ಇರಿ," ಅಂದರು ಆಕೆ. "ಕತ್ತಲಾಗೋ ತನಕ ಅದು ಹಾರಲ್ಲ."