ವಾಪಸು ಹೋದ ಮಣಿಸರ

ನನ್ನ ಗಂಡ ಸ್ತಾಥಿಸ್‌ಗೆ ಇರುವುದು ಒಂದೇ ಕಾಯಿಲೆ, ಹೊಟ್ಟೆಕಿಚ್ಚು. ಸಕ್ಕರೆ, ರಕ್ತದೊತ್ತಡ ಎಲ್ಲ ಅದರ ಮಕ್ಕಳು ಅಂತ ಡಾಕ್ಟರಿಗೂ ಹೇಳಿದ್ದೇನೆ. ಅದೂ ಊರಿನವರ ಮೇಲೆಲ್ಲ ಅಲ್ಲ, ಅನೆಸ್ತಿಸ್ ಒಬ್ಬನ ಮೇಲೆ. ನಮ್ಮ ಮದುವೆಯಲ್ಲಿ ನಮ್ಮಿಬ್ಬರ ತಲೆಯ ಮೇಲಿನ ಹೂಕಿರೀಟ ಅದಲುಬದಲು ಮಾಡಿದವನು ಅವನೇ, ಅಂದರೆ ಒಡಹುಟ್ಟಿದವನಿಗಿಂತ ಹತ್ತಿರ. ಆದರೆ ಅವನು ದೋಣಿಗೆ ಬಣ್ಣ ಹೊಡೆಸಿದರೆ ಇವನಿಗೆ ನಿದ್ದೆ ಬರುವುದಿಲ್ಲ. ಅವನ ಟೊಮೇಟೊ ಮೊದಲು ಕೆಂಪಾದರೆ ಬೈಗುಳ ನಮ್ಮ ಗಿಡಕ್ಕೆ.

ಒಂದರಲ್ಲಿ ಮಾತ್ರ ಸ್ತಾಥಿಸ್ ಒಂದು ಕೈ ಮೇಲು. ಅದು ಅವನ ಕಿವಿ. ನಮ್ಮೂರು ವೋಲೊಸ್‌ನ ಬಂದರಿನ ಎದುರು ಲೆಫ್ತೆರಿಸ್‌ನ ಕಾಫಿ ಅಂಗಡಿಯಲ್ಲಿ ಗಂಡಸರು ಕೂತು ಮಣಿಸರ ಆಡಿಸುತ್ತಾರೆ. ಜಪಕ್ಕಲ್ಲ, ಅಲ್ಲಿ ದೇವರ ಹೆಸರು ಬರುವುದು ಬೈಯುವಾಗ ಮಾತ್ರ. ಬೆರಳಿಗೊಂದು ಕೆಲಸ, ಕಿವಿಗೊಂದು ಸದ್ದು, ಅಷ್ಟೆ. ಅದರಲ್ಲೂ ಫತುರಾನ್ ಅನ್ನುವ ಹಳೇ ರಾಳದ ಮಣಿಗಳಿಗಾಗಿ ಪ್ರಾಣ ಬಿಡುತ್ತಾರೆ. ಅದನ್ನು ಈಗ ಯಾರೂ ಮಾಡುವುದಿಲ್ಲ, ನಕಲು ಮಾತ್ರ ಬೇಕಾದಷ್ಟಿದೆ. ಯಾರಿಗೆ ಹೊಸ ಸರ ಸಿಕ್ಕಿದರೂ ಅದು ಮೊದಲು ಸ್ತಾಥಿಸ್ ಕೈಗೆ ಬರಬೇಕು. ಅವನು ಕಣ್ಣು ಮುಚ್ಚಿ ಎರಡು ಸಲ ಆಡಿಸಿ, ಅಂಗೈಯಲ್ಲಿ ಉಜ್ಜಿ, ಮೂಸಿ, ಅಸಲಿ ಅಂದರೆ ಅಸಲಿ, ನಕಲಿ ಅಂದರೆ ನಕಲಿ. ನನ್ನನ್ನು ಅಷ್ಟು ನಾಜೂಕಾಗಿ ಮುಟ್ಟಿ ಎಷ್ಟು ಕಾಲವಾಯಿತೋ, ಆ ಮಾತು ಬೇರೆ.

ಪೋಣಿಸುವ ಕೆಲಸ ನನ್ನದು. ಹೊರದೇಶದಿಂದ ಬರುವ ಹಳೇ ಸರಗಳು ಹೆಚ್ಚಾಗಿ ಜಪಮಾಲೆಗಳು, ಮೂವತ್ತಮೂರು ಮಣಿ, ಬಿಗಿಯಾಗಿ ಪೋಣಿಸಿದ್ದು. ನಮ್ಮವರಿಗೆ ಬೇಕಾದದ್ದು ಇಪ್ಪತ್ತಮೂರು, ನಡುವೆ ಮಣಿ ಓಡಾಡಲು ಜಾಗ. ಹಾಗಾಗಿ ಪೊಟ್ಟಣ ಬಿಚ್ಚಿದ ಕೂಡಲೇ ನಮ್ಮ ಗಂಡಸರು ಮಾಡುವ ಮೊದಲ ಕೆಲಸ ಕತ್ತರಿ ಹುಡುಕುವುದು. ಇಷ್ಟವಾಗದಿದ್ದರೆ ವಾಪಸು ಕಳಿಸಬೇಕಾದೀತು ಅನ್ನುವ ಯೋಚನೆ ಕತ್ತರಿಸಿದ ಮೇಲೆ ಬರುತ್ತದೆ.

ಬೇಸಿಗೆಯ ಮೊದಲಲ್ಲಿ ಅನೆಸ್ತಿಸ್ ಇಂಗ್ಲೆಂಡಿನ ಒಬ್ಬ ಹೆಂಗಸಿನಿಂದ ಆನ್‌ಲೈನಿನಲ್ಲಿ ಒಂದು ಸರ ತರಿಸಿದ. ಅವಳು ಅಟ್ಟದ ಹಳೇ ಸಾಮಾನು ಮಾರುವವಳು. ಸರದ್ದು ಕಪ್ಪು ಚೆರಿ ಹಣ್ಣಿನ ಬಣ್ಣ. ಪೊಟ್ಟಣ ಸಿಕ್ಕಿದ್ದೇ ತಡ, ನಮ್ಮ ಅಡುಗೆಮನೆಗೆ ಓಡಿಬಂದ. ಸ್ತಾಥಿಸ್ ಕಾಫಿ ಅಂಗಡಿಯಲ್ಲಿದ್ದ.

"ಫ್ರೋಸೊ, ಕತ್ತರಿ ತಗೋ."

"ಮೊದ್ಲು ಅವನಿಗೆ ತೋರಿಸಬಾರದಾ?"

"ಕಟ್ಟಿದ ಸರ ಮಾತಾಡಲ್ಲ ಕಣೆ. ಬಿಚ್ಚಿ ಪೋಣಿಸು, ಆಮೇಲೆ ಅವನು ಕೇಳಲಿ."

ಕತ್ತರಿಸಿದೆ. ಮಣಿಗಳು ಮೇಜಿನ ಮೇಲೆ ಚೆಲ್ಲಿದವು, ಒಂದು ಉರುಳಿ ಒಲೆಯ ಹಿಂದಿನ ಸಂದಿಗೆ ಹೋಯಿತು. ಇಬ್ಬರೂ ಮೊಣಕಾಲೂರಿ ಹುಡುಕಿದೆವು, ಸಿಗಲಿಲ್ಲ. ಮಿಕ್ಕಿದ್ದು ಬೇಕಾದಷ್ಟಿದೆಯಲ್ಲ ಅಂತ ಬಿಟ್ಟೆವು. ಪೋಣಿಸುವಾಗಲೇ ನನ್ನ ಬೆರಳಿಗೆ ಗೊತ್ತಾಯಿತು, ಇದು ಅಸಲಿ ಅಂತ. ಉಜ್ಜಿದರೆ ಹಳೇ ಔಷಧಿ ಅಂಗಡಿಯ ವಾಸನೆ. ಆದರೆ ಕಾಫಿ ಅಂಗಡಿಯಲ್ಲಿ ನನ್ನ ಬೆರಳಿಗೆ ಬೆಲೆ ಎಲ್ಲಿದೆ?

ಅದನ್ನು ಹಿಡಿದು ಅನೆಸ್ತಿಸ್ ಹೊರಟ, ಮೀನು ತರುವ ನೆಪದಲ್ಲಿ ನಾನೂ ಹಿಂದೆಯೇ ಹೋದೆ. ಸ್ತಾಥಿಸ್ ಕಣ್ಣು ಮುಚ್ಚಿದ. ಸರ ಆಡಿತು. ಅಂಗಡಿಯಲ್ಲಿ ಪಗಡೆ ಆಡುತ್ತಿದ್ದವರೂ ಕೈ ನಿಲ್ಲಿಸಿದರು, ಅಂಥ ಸದ್ದು. ನನ್ನ ಗಂಡನ ಕಿವಿಯ ತುದಿ ಕೆಂಪಾಗುವುದನ್ನು ನಾನು ಬಾಗಿಲಿನಿಂದಲೇ ನೋಡಿದೆ. ಅವನ ಹೊಟ್ಟೆ ಉರಿದರೆ ಹೊಗೆ ಕಾಣಿಸುವುದು ಅಲ್ಲಿ.

"ಪ್ಲಾಸ್ಟಿಕ್," ಅಂದ.

"ಸರಿಯಾಗಿ ಕೇಳೋ."

"ಚೆನ್ನಾಗಿ ಮಾಡಿರೋ ಪ್ಲಾಸ್ಟಿಕ್. ಇಂಗ್ಲಿಷಿನೋಳು ನಿನಗೆ ಟೋಪಿ ಹಾಕಿದಾಳೆ. ವಾಪಸ್ ಕಳಿಸು, ದುಡ್ಡಾದ್ರೂ ಬರುತ್ತೆ."

ಅನೆಸ್ತಿಸ್ ಸರವನ್ನು ಜೇಬಿಗೆ ಹಾಕಿಕೊಂಡ. ಅಷ್ಟು ವರ್ಷ ನಂಬಿದ ಕಿವಿ. ಲೆಫ್ತೆರಿಸ್ ಮಾತ್ರ ಕಾಫಿ ಕಪ್ ಒರೆಸುತ್ತ, "ಪ್ಲಾಸ್ಟಿಕ್ಕಿಗೆ ಇಷ್ಟು ಒಳ್ಳೇ ಗಂಟಲು ಅಂತ ಗೊತ್ತಿರ್ಲಿಲ್ಲ ಬಿಡು," ಅಂದ.

ಮನೆಗೆ ಬಂದ ಮೇಲೆ ಗಂಡನನ್ನು ಹಿಡಿದುಕೊಂಡೆ. "ನಾಚಿಕೆ ಆಗಲ್ವಾ ನಿನಗೆ?"

"ಅವನಿಗೆ ದೋಣಿ ಇದೆ, ಮೊಮ್ಮಕ್ಕಳಿದಾರೆ, ತಲೆ ತುಂಬ ಕೂದಲಿದೆ. ಈಗ ಇದೂ ಅವನಿಗೇ ಸಿಗಬೇಕಾ? ಆ ಸದ್ದು ಕೇಳಿದಾಗ ನನ್ನೊಳಗೆ ಏನಾಯ್ತು ಗೊತ್ತಾ? ಅಳು ಬಂತು ಕಣೆ. ಅವನಿಗೆ ಅದು ಬರೀ ಮಣಿ."

"ಹಾಗಂತ ಸುಳ್ಳು ಹೇಳ್ತೀಯಾ?"

"ಹೋಗಿ ಹೇಳು ಮತ್ತೆ, ನಿನ್ನ ಗಂಡ ಸುಳ್ಳ ಅಂತ."

ಅಲ್ಲಿಗೆ ನನ್ನ ಬಾಯಿಗೆ ಬೀಗ. ಹೇಳಿದರೆ ಗಂಡನ ಮಾನ, ಹೇಳದಿದ್ದರೆ ಅನೆಸ್ತಿಸ್‌ನ ಮಣಿ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಆ ವಾರವೆಲ್ಲ ಗಂಡನಿಗೆ ಉಪ್ಪಿಲ್ಲದ ಬೀನ್ಸ್ ಸೂಪು ಹಾಕಿದೆ. ಡಾಕ್ಟರು ಹೇಳಿದ್ದು ಅಂದೆ.

ಇಂಗ್ಲಿಷಿನವಳು ಒಳ್ಳೆಯವಳೇ. ವಾಪಸು ತೆಗೆದುಕೊಳ್ಳುತ್ತೇನೆ, ಆದರೆ ಹೇಗೆ ಬಂದಿತ್ತೋ ಹಾಗೇ ಬರಬೇಕು ಅಂದಳಂತೆ. ಮತ್ತೆ ನಮ್ಮ ಅಡುಗೆಮನೆ, ಮತ್ತೆ ಕತ್ತರಿ, ಮತ್ತೆ ಜಪಮಾಲೆ. ಆದರೆ ಒಂದು ಮಣಿ ಕಡಿಮೆ. ಒಲೆ ಸರಿಸಿದರೂ ಆ ಸಂದಿ ಅದನ್ನು ಬಿಟ್ಟುಕೊಡಲಿಲ್ಲ. ಅನೆಸ್ತಿಸ್ ಜೇಬಿನಿಂದ ಕರವಸ್ತ್ರದ ಗಂಟು ತೆಗೆದ. ಅದರಲ್ಲಿ ಒಂದು ಮಣಿ. ಅದೇ ಬಣ್ಣ, ಉಳಿದವಕ್ಕಿಂತ ಕೂದಲೆಳೆಯಷ್ಟು ದಪ್ಪ.

"ಅಪ್ಪನ ಸರದ್ದು. ದಾರ ಹರಿದು ಸರ ಸಮುದ್ರಕ್ಕೆ ಬಿದ್ದಾಗ ಅವನ ಮುಷ್ಟೀಲಿ ಉಳಿದದ್ದು ಇದೊಂದೇ."

"ಇದನ್ನ ಯಾಕೋ ಕಳಿಸ್ತೀಯ? ಯಾವುದಾದ್ರೂ ಗಾಜಿನ ಮಣಿ ಹಾಕ್ತೀನಿ ಬಿಡು."

"ಅವಳು ಮೋಸ ಮಾಡಿದ್ರೆ ಅದು ಅವಳಿಗೆ. ನಾನು ಒಂದು ಮಣಿ ಕದ್ದು ಕಳಿಸ್ಲಾ? ಕಳೆದಿದ್ದು ನಾನು, ಕೊಡಬೇಕಾದ್ದೂ ನಾನೇ."

ಆಗ ಬಾಯಿ ಬಿಡಬೇಕಿತ್ತು ಅನ್ನುತ್ತೀರಿ. ನಿಮ್ಮ ಗಂಡನಾಗಿದ್ದರೆ ಗೊತ್ತಾಗುತ್ತಿತ್ತು. ಪೋಣಿಸಿ ಕೊಟ್ಟೆ. ಅಂಚೆ ಕಚೇರಿಯಲ್ಲಿ ಕೌಂಟರಿನವಳು, "ಇದು ಮಾರಾಟಕ್ಕಲ್ಲ, ಕೊಂಡದ್ದನ್ನ ವಾಪಸ್ ಕಳಿಸ್ತಿರೋದು ಅಂತ ಬರೀರಿ ತಾತ, ಇಲ್ಲಾಂದ್ರೆ ಆ ಕಡೆ ಸುಂಕ ಹಾಕ್ತಾರೆ," ಅಂತ ಜೋರಾಗಿ ಅಂದಳಂತೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರಂತೆ. ಮೋಸ ಹೋದವನು ಅಂತ ಹಣೆಯಲ್ಲಿ ಬರೆದುಕೊಂಡು ನಿಂತ ಹಾಗಾಯಿತು ಅಂದ.

ನನ್ನ ಗಂಡ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಫೋನಿನಲ್ಲಿ ಅವಳ ಅಂಗಡಿ ಕಾಯುತ್ತಿದ್ದ. ಸರ ಮತ್ತೆ ಮಾರಾಟಕ್ಕೆ ಬಂದದ್ದೇ ಕೊಂಡ. ಪೊಟ್ಟಣ ಇಲ್ಲಿಗೆ ಬಂದರೆ ಅಂಚೆಯವನು ಬಾಯಿ ಬಿಡುತ್ತಾನೆ ಅಂತ ಲಾರಿಸಾದಲ್ಲಿರುವ ತಂಗಿಯ ಮಗಳ ವಿಳಾಸ ಕೊಟ್ಟಿದ್ದ. ಬಸ್ಸಿನಲ್ಲಿ ಹೋಗಿ ತಂದ. ನನ್ನ ಮುಂದೆ ಮಣಿಗಳನ್ನು ಸುರಿದು, ಒಂದೊಂದನ್ನೇ ಉಗುರಿನಿಂದ ತಟ್ಟಿ ಕೇಳಿ ಇಪ್ಪತ್ತಮೂರು ಆರಿಸತೊಡಗಿದ. ಮೊದಲು ಎತ್ತಿದ್ದೇ ಆ ದಪ್ಪ ಮಣಿಯನ್ನು.

"ಇದನ್ನ ಕೇಳು. ಎಲ್ಲಕ್ಕಿಂತ ಇದು ಮೇಲು. ಇದಕ್ಕೆ ಎದೆ ಇದೆ."

ಇವನ ಕಿವಿ ಯಾವತ್ತೂ ಸುಳ್ಳು ಹೇಳಿದ್ದಿಲ್ಲ, ಹೇಳಿದ್ದು ಬಾಯಿ. ಅದು ಯಾರ ಮಣಿ ಅಂತ ನಾನು ಹೇಳಲಿಲ್ಲ. ಅವನು ಕೇಳಲೂ ಇಲ್ಲ.

ಸರ ಸಿಕ್ಕಿತು, ಸುಖ ಸಿಗಲಿಲ್ಲ. ಕಾಫಿ ಅಂಗಡಿಗೆ ಒಯ್ಯುವಂತಿಲ್ಲ, ಕಿಟಕಿಯ ಬಳಿ ಆಡಿಸುವಂತಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಆಡಿಸುತ್ತಿದ್ದ. ಹೊರಗೆ ಅನೆಸ್ತಿಸ್ ತನ್ನ ಹಳೇ ಮರದ ಮಣಿ ಆಡಿಸುತ್ತ ನಗುತ್ತಿದ್ದರೆ ಇವನಿಗೆ ಅದರ ಮೇಲೂ ಉರಿ. "ಅಷ್ಟು ಬೇಗ ಹೇಗೆ ಮರೆತ?" ಅನ್ನುತ್ತಿದ್ದ.

ಸಂತ ಎಫ್ಸ್ತಾಥಿಯೋಸನ ದಿನ ಬಂತು, ನನ್ನ ಗಂಡನ ಹೆಸರಿನ ಹಬ್ಬ. ಆ ದಿನ ಯಾರನ್ನೂ ಕರೆಯುವುದಿಲ್ಲ, ಬಾಗಿಲು ತೆಗೆದಿಟ್ಟರೆ ಬರುವವರು ಬರುತ್ತಾರೆ. ಸಂಜೆಗೆ ಮುಂಚೆ ಯಾರು ಬಂದಾರು ಅಂತ ಸ್ತಾಥಿಸ್ ಒಳಕೋಣೆಯಲ್ಲಿ ಸರ ಹಿಡಿದು ಕೂತಿದ್ದ. ನಾನು ತಟ್ಟೆ ಒರೆಸುತ್ತಿದ್ದೆ. ತಿರುಗಿದರೆ ಹೊಸ್ತಿಲಲ್ಲಿ ಅನೆಸ್ತಿಸ್, ಕೈಯಲ್ಲಿ ಮಿಠಾಯಿ ಡಬ್ಬಿ.

ಒಳಗಿನಿಂದ ಸದ್ದು ಬರುತ್ತಿತ್ತು. ಟಕ್ ಟಕ್ ಟಕ್, ಆಮೇಲೆ ಒಂದು ದಪ್ಪ ಟೊಕ್. ಮತ್ತೆ ಟಕ್ ಟಕ್, ಮತ್ತೆ ಟೊಕ್. ಚಿಕ್ಕಂದಿನಲ್ಲಿ ಅಪ್ಪನ ಮಡಿಲಲ್ಲಿ ಮಲಗಿ ಕೇಳಿದ ಸದ್ದನ್ನು ಗುರುತಿಸಲು ದೊಡ್ಡ ಕಿವಿಯೇನೂ ಬೇಕಿಲ್ಲ. ಅವನು ಅಲ್ಲೇ ನಿಂತ. ಮುಖದಲ್ಲಿ ಸಿಟ್ಟು ಬರುತ್ತದೆ ಅಂತ ಕಾದೆ, ಬರಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತ.

"ಫ್ರೋಸೊ, ಕತ್ತರಿ ಇದೆಯಾ?"

ಒಳಗೆ ಸದ್ದು ನಿಂತಿತು.

"ಅಪ್ಪನ ಮಣಿ ಒಂದು ಬಿಚ್ಚಿ ಕೊಡು," ಅಂದ, ಒಳಕೋಣೆಗೆ ಕೇಳುವ ಹಾಗೆ. "ಉಳಿದದ್ದು ಪ್ಲಾಸ್ಟಿಕ್ ತಾನೆ, ಅವನೇ ಇಟ್ಕೊಳ್ಳಲಿ."

ನಾನು ಒಳಗೆ ಹೋದೆ. ಸ್ತಾಥಿಸ್ ಸರವನ್ನು ನನ್ನ ಕೈಗೆ ಹಾಕಿ ಗೋಡೆ ಕಡೆ ತಿರುಗಿ ಕೂತ. ದಾರ ಕತ್ತರಿಸಿ ಆ ಒಂದನ್ನು ಅನೆಸ್ತಿಸ್‌ಗೆ ಕೊಟ್ಟೆ. ಅವನು ಕರವಸ್ತ್ರದಲ್ಲಿ ಗಂಟು ಹಾಕಿ, "ಸ್ತಾಥಿಸ್‌ಗೆ ನೂರು ವರ್ಷ ಆಗಲಿ," ಅಂತ ಹಬ್ಬದ ಮಾತು ಹೇಳಿ ಹೋದ. ಈಗ ಕಾಫಿ ಅಂಗಡಿಯಲ್ಲಿ ಹೊಸ ಸರ ಬಂದರೆ ಕೇಳುವುದು ಲೆಫ್ತೆರಿಸ್. ಅವನ ಎಡಗಿವಿ ಅರ್ಧ ಕಿವುಡು, ಆದರೂ ಅವನೇ.

ಆ ಸಂಜೆ ಯಾರೂ ಬರಲಿಲ್ಲ. ಮಿಕ್ಕಿದ್ದರಲ್ಲಿ ಒಂದು ಮಣಿ ಸೇರಿಸಿ ಪೋಣಿಸಿ ಕೊಡಲಾ ಅಂತ ಕೇಳಿದೆ. ಸ್ತಾಥಿಸ್ ಬೇಡ ಅಂದ. ತಟ್ಟೆಯಲ್ಲಿ ಬಿದ್ದಿದ್ದ ಮಣಿಗಳನ್ನೇ ನೋಡುತ್ತ ಕೂತಿದ್ದ.

"ಹೋಗುವಾಗ ಅವನ ಮುಖ ಹೇಗಿತ್ತು?"

"ನೆಮ್ಮದಿಯಾಗಿತ್ತು."

"ಒಂದು ಮಣಿ," ಅಂದ. "ಒಂದೇ ಒಂದು ಮಣಿ ಸಾಕಾಯ್ತಲ್ಲೇ ಅವನಿಗೆ."

ಕಿವಿಯ ತುದಿ ಮತ್ತೆ ಕೆಂಪಾಗಿತ್ತು.