ಬಾಲ ಮುರಿದ ಮೀನು

"ಏ ಮುದುಕಿ, ಕಲ್ಲು ಉಜ್ಜು ಅಂದ್ರೆ ಮುದ್ದು ಮಾಡ್ಕೊಂಡು ಕೂತಿದೀಯಲ್ಲೇ, ಬೇವರ್ಸಿ. ಬೇಗ ಕೈ ಆಡಿಸು."

ಮೇಸ್ತ್ರಿಯ ಬಾಯಿಗೆ ಬೀಗವಿಲ್ಲ. ಮೀನವ್ವ ತಲೆಯೆತ್ತಲಿಲ್ಲ. ನೀರು ಚಿಮುಕಿಸಿ, ಸಾಣೆಕಲ್ಲನ್ನು ಚಪ್ಪಡಿಯ ಮೇಲೆ ಒತ್ತಿ ತಿರುಗಿಸಿದಳು. ಕರಿ ಕೆಸರು ಬೆರಳ ಸಂದಿಯಿಂದ ಇಳಿದು ಮೊಣಕೈಗೆ ಹರಿಯಿತು. ಯುದ್ಧದಲ್ಲಿ ಸತ್ತ ಸೈನಿಕರ ಹೆಸರು ಕೆತ್ತಿದ ಚಪ್ಪಡಿ ಅದು. ಅದೇ ಯುದ್ಧಕ್ಕೆ ಹೋಗಿದ್ದ ಅವಳ ಮಗನ ಹೆಸರು ಅದರಲ್ಲಿರಲಿಲ್ಲ.

ಸೇನೆಗೆ ಸೇರುವ ಮೊದಲು ಅವನೂ ಇದೇ ಕಲ್ಲುಕೆಲಸದ ಅಂಗಳದಲ್ಲಿ ಕಲ್ಲು ಒಡೆದವನು. ಇಲ್ಲಿ ಕಲ್ಲು ಕಡೆಯುವ ಪ್ರತಿಯೊಬ್ಬರಿಗೂ ಒಂದು ಗುರುತು. ಯಾರ ಕೆಲಸವೆಂದು ಮೇಸ್ತ್ರಿಗೆ ತಿಳಿಯಲೆಂದು ಅದನ್ನು ಕಲ್ಲಿನ ಬೆನ್ನಿಗೆ ಕೆತ್ತುತ್ತಾರೆ. ಹೊಳೆಯುವ ಮುಖ ನೋಡುವವರಿಗೆ, ಗುರುತು ಗೋಡೆಗೆ. ಮಗ ಮೊದಲ ದಿನ ಮೀನು ಕೆತ್ತಲು ಹೋದಾಗ ಉಳಿ ಜಾರಿ ಅರ್ಧ ಬಾಲ ಹಾರಿಹೋಗಿತ್ತು. ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು, ಮೇಸ್ತ್ರಿ ಕೆನ್ನೆಗೆ ಬಿಟ್ಟಿದ್ದ. ಹುಡುಗ ಹಟಮಾರಿ, ಬಾಲ ಮುರಿದ ಮೀನನ್ನೇ ತನ್ನ ಗುರುತು ಮಾಡಿಕೊಂಡ. ಅಂದಿನಿಂದ ಅವನ ತಾಯಿ ಎಲ್ಲರ ಬಾಯಲ್ಲೂ ಮೀನವ್ವ.

ಊಟದ ಹೊತ್ತಿಗೆ ಅವಳು ಸ್ಮಾರಕದ ಉಸ್ತುವಾರಿ ನೋಡುವ ಸಾಹೇಬರ ಕೋಣೆಯ ಬಾಗಿಲಿಗೆ ಹೋದಳು.

"ಮತ್ತೆ ಬಂದ್ಯಾ? ಕೆಸರು ಕಾಲಲ್ಲಿ ಒಳಗೆ ಬರ್ಬೇಡ. ಅಲ್ಲೇ ನಿಂತ್ಕೊಂಡು ಹೇಳು."

"ಅದೇ ಸ್ವಾಮಿ, ನನ್ನ ಮಗನ ಹೆಸರು."

ಸಾಹೇಬರು ಕಿತ್ತಳೆ ಹಣ್ಣು ಸುಲಿಯುತ್ತಿದ್ದರು. "ಎಷ್ಟು ಸಲ ಹೇಳ್ಲಿ? ಸಾಯೋ ಹೊತ್ತಿಗೆ ನೌಕರಿಯಲ್ಲಿ ಇರ್ಬೇಕು. ಅವನನ್ನ ಕೆಲಸಕ್ಕೆ ಬಾರದವನು ಅಂತ ಬಿಡುಗಡೆ ಮಾಡಿ ಕಳ್ಸಿದ್ರು. ಸತ್ತಾಗ ಅವನು ಸೈನಿಕನೇ ಅಲ್ಲ."

"ಗಾಯ ಆಗಿದ್ದು ಅಲ್ಲೇ ಅಲ್ವಾ ಸ್ವಾಮಿ? ಬಾಂಬಿನ ಚೂರು ಸೊಂಟದಲ್ಲಿ ಇಟ್ಕೊಂಡೇ ಸತ್ತ. ಕೀವು ಒರೆಸಿದ್ದು ಈ ಕೈ."

"ಅಲ್ಲೇ ಸತ್ತಿದ್ರೆ ರಗಳೆನೇ ಇರ್ತಿರ್ಲಿಲ್ಲ. ನೀನು ಮನೆಯಲ್ಲಿಟ್ಕೊಂಡು, ಚಮಚದಲ್ಲಿ ಕುಡಿಸಿ ಕುಡಿಸಿ ತಿಂಗಳುಗಟ್ಟಲೆ ಎಳೆದೆ. ಈಗ ನಾನೇನ್ ಮಾಡ್ಲಿ?"

ಮೀನವ್ವನಿಗೆ ಆ ದಿನಗಳು ನೆನಪಾದವು. 'ಸಾಕು ಬಿಡವ್ವಾ' ಎಂದು ಮಗ ಮುಖ ತಿರುಗಿಸಿದ್ದ. ಬೈದು, ಗದರಿಸಿ, ಅವನ ತುಟಿಗೆ ಚಮಚ ಒತ್ತಿದವಳು ಅವಳೇ.

"ಹಂಗಾದ್ರೆ ನಾನು ಅವನಿಗೆ ನೀರು ಕುಡಿಸಿದ್ದೇ ತಪ್ಪಾ?"

"ತಪ್ಪು ಅಂತ ನಾನೆಲ್ಲಿ ಅಂದೆ? ನಿಯಮ ಹಾಗಿದೆ." ಸಾಹೇಬರು ಬೀಜ ಉಗಿದರು. "ನಾಳೆ ಉದ್ಘಾಟನೆಗೆ ದೊಡ್ಡೋರೆಲ್ಲ ಬರ್ತಾರೆ. ಬೆಳಗ್ಗೆ ಕಲ್ಲು ಒರೆಸಿ ಜಾಗ ಖಾಲಿ ಮಾಡಿ. ನಿಮ್ಮ ಮುಸುಡಿ ಯಾರ ಕಣ್ಣಿಗೂ ಬೀಳ್ಬಾರದು."

ಮೀನವ್ವ ಅಂಗಳಕ್ಕೆ ಬಂದು ಮತ್ತೆ ಸಾಣೆಕಲ್ಲು ಹಿಡಿದಳು.

ಮಾರನೆಯ ಬೆಳಗ್ಗೆ ಚಪ್ಪಡಿ ಗೋಡೆಗೆ ಏರಿ ನಿಂತಿತ್ತು. ಜೊತೆ ಕೆಲಸದ, ಎಲ್ಲರೂ ಬಾಯಾಳಿ ಎಂದು ಕರೆಯುವವಳು ಬಕೆಟ್ಟು, ಬಟ್ಟೆ ಎತ್ತಿಕೊಂಡು ಹೊರಟಿದ್ದಳು. ಮೀನವ್ವ ಹೊರಡಲಿಲ್ಲ. ಕೊನೆಯ ಹೆಸರಿನ ಕೆಳಗೆ ಅಂಗೈಯಗಲ ಜಾಗ ಖಾಲಿ ಉಳಿದಿತ್ತು. ಅಲ್ಲಿ ಕುಕ್ಕರಗಾಲಲ್ಲಿ ಕೂತು ಸೊಂಟದಿಂದ ಮಗನ ಉಳಿ, ಸುತ್ತಿಗೆ ತೆಗೆದಳು.

"ಏನ್ ಮಾಡ್ತಿದೀಯೇ? ಕೈ ಕತ್ತರಿಸ್ತಾರೆ ಕಣೇ."

"ಕತ್ತರಿಸ್ಲಿ. ಆಮೇಲೆ ಅವರ ಕಲ್ಲನ್ನ ಅವರೇ ಉಜ್ಕೊಳ್ಲಿ."

ಬಾಯಾಳಿ ಬಕೆಟ್ಟು ಕೆಳಗಿಟ್ಟಳು. ಸುತ್ತಿಗೆಯ ಸದ್ದು ಎದ್ದಿತು. ಮೊದಲು ಬೆನ್ನು, ಆಮೇಲೆ ಹೊಟ್ಟೆ. ಬಾಲಕ್ಕೆ ಬಂದಾಗ ಮೀನವ್ವ ಕೈ ತಡೆದಳು. ಚೆಂದವಾಗಿ ಬಂದರೆ ಅದು ಅವನದಾಗುವುದಿಲ್ಲ. ಉಳಿಯನ್ನು ಓರೆ ಹಿಡಿದು ಬೇಕೆಂದೇ ಜಾರಿಸಿದಳು. ಅರ್ಧ ಬಾಲ ಸಿಡಿದು ಅವಳ ಮಡಿಲಿಗೆ ಬಿತ್ತು.

ಓಡಿಬಂದ ಮೇಸ್ತ್ರಿಯ ಕೈ ಹೊಡೆಯಲು ಎದ್ದಿತ್ತು. ಮೀನು ಕಂಡದ್ದೇ ಎತ್ತಿದ ಕೈ ಅಲ್ಲೇ ನಿಂತಿತು. ಹಿಂದೆಯೇ ಬಂದ ಸಾಹೇಬರ ಮುಖ ಕೆಂಪೇರಿತ್ತು.

"ಆ ದರಿದ್ರ ಮೀನನ್ನ ಉಜ್ಜಿ ಹಾಕೋ."

"ಅಷ್ಟು ಆಳಕ್ಕೆ ಉಜ್ಜಿದ್ರೆ ಕಲ್ಲಿನ ಮುಖ ತಗ್ಗಾಗುತ್ತೆ ಸ್ವಾಮಿ. ಸಮ ಮಾಡೋಕೆ ಹೋದ್ರೆ ಎಲ್ಲಾ ಹೆಸರೂ ಹೋಗ್ತವೆ," ಮೇಸ್ತ್ರಿ ಕೈ ಇಳಿಸಿ ಹೇಳಿದ.

"ಹಂಗಾದ್ರೆ ದೊಡ್ಡೋರು ಇಡೋಕೆ ತರಿಸಿರೋ ಆ ಹೂವಿನ ಚಕ್ರ ತಂದು ಮುಚ್ಚು. ಇವಳನ್ನ ಎಳೆದು ಆಚೆ ಹಾಕು."

ಮೇಸ್ತ್ರಿ ಹೂವಿನ ಚಕ್ರ ಎತ್ತಿಕೊಂಡವನು ಅಲ್ಲೇ ನಿಂತುಬಿಟ್ಟ. ಮೀನವ್ವ ಬಕೆಟ್ಟಿನಲ್ಲಿ ಉಳಿದ ನೀರನ್ನು ಮೀನಿನ ಮೇಲೆ ಸುರಿದು, ಸೆರಗಿನಿಂದ ಪುಡಿ ಒರೆಸಿದಳು. ಅದರ ಪಕ್ಕದಲ್ಲೇ ಕಾಲು ಚಾಚಿ ಕೂತಳು.

"ಏಳೇ ಅಲ್ಲಿಂದ. ಗಾಡಿಗಳು ಬಂದ್ವು."

"ಇಲ್ಲೇ ಸತ್ರೆ ನಡೆಯುತ್ತಾ ಸ್ವಾಮಿ?" ಅವಳು ಕೇಳಿದಳು. "ಇಲ್ಲ, ಮನೆಗೆ ಹೋಗಿ ಸಾಯ್ಬೇಕಾ? ನಿಯಮ ನೋಡಿ ಹೇಳಿ."

ಗೇಟಿನ ಬಳಿ ಕಾರಿನ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಅವಳು ಕೆಸರುಗಟ್ಟಿದ ಕೈಯನ್ನು ಮೀನಿನ ಮೇಲಿಟ್ಟು ಕೂತೇ ಇದ್ದಳು.