ಬೀಗಣ್ಣನ ಮನೆಗೆ ಬಂದ ಸುಳ್ಳು ಕಾವಲುಗಾರ

ಮನೆಯ ಕಂಪ್ಯೂಟರು ಆಮೆಯಂತೆ ತೆವಳತೊಡಗಿದರೆ ನಾವೆಲ್ಲ ಏನು ಮಾಡುತ್ತೇವೆ? ಮೊದಲು ಅದರ ತಲೆಯ ಮೇಲೊಂದು ಮೊಟಕುತ್ತೇವೆ. ಆಮೇಲೆ ಬೈಯುತ್ತೇವೆ. ಅದಕ್ಕೂ ಬಗ್ಗದಿದ್ದರೆ ಪರದೆಯ ಮೇಲೆ ಯಾರೋ ತೋರಿಸಿದ ಗುಂಡಿಯನ್ನು ಒತ್ತಿಬಿಡುತ್ತೇವೆ. ಬೀಗಣ್ಣನೂ ಒತ್ತಿದ. ಬೇರೆ ಯಾರಾದರೂ ಆಗಿದ್ದರೆ ಪಾಪ, ಗೊತ್ತಿರಲಿಲ್ಲ ಎನ್ನಬಹುದಿತ್ತು. ಆದರೆ ಬೀಗಣ್ಣನ ಕಸುಬೇ ಬೀಗ ರಿಪೇರಿ.

ಬಸ್ ನಿಲ್ದಾಣದ ಎದುರಿನ ಗಲ್ಲಿಯಲ್ಲಿ ಅವನ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಬೀಗದ ಕೈ. ಕೀ ಕೊರೆಯುವ ಯಂತ್ರದ ಕೆಳಗೆ ಯಾವಾಗಲೂ ಹಿತ್ತಾಳೆ ಪುಡಿ. ಬೀದಿಯವರು ತಮಾಷೆಗೆ ಅವನನ್ನು "ಬೀಗರೇ" ಎಂದು ಕೂಗುತ್ತಿದ್ದರು. ಹೆಣ್ಣು ಕೊಡದೆ, ಗಂಡು ತರದೆ ಇಡೀ ಬೀದಿಗೆ ಬೀಗನಾದವನು ಅವನೊಬ್ಬನೇ. "ನಾನು ತೆಗೀಲಾರದ ಬೀಗ ಇನ್ನೂ ಹುಟ್ಟಿಲ್ಲ" ಎಂದು ಅವನು ಬೀಗುತ್ತಿದ್ದ. ಬೀಗದವನು ಬೀಗದೆ ಇನ್ಯಾರು ಬೀಗಬೇಕು!

ಅವನ ಹೆಂಡತಿ ಎದುರಿನ ನಿಲ್ದಾಣದಲ್ಲಿ ಬಸ್ಸು ಹೊರಡುವುದನ್ನು ಮೈಕಿನಲ್ಲಿ ಹೇಳುವವಳು. ಅಂಗಡಿಯಲ್ಲಿ ಕೂತಲ್ಲಿಗೇ ಅವಳ ದನಿ ಕೇಳಿಸುತ್ತಿತ್ತು. "ಬೇರೆಯವರ ಹೆಂಡ್ತಿ ಮನೇಲಿ ಮಾತ್ರ ಮಾತಾಡ್ತಾಳೆ. ನನ್ನವಳು ಊರಿಗೇ ಕೇಳೋ ಹಾಗೆ ಮಾತಾಡ್ತಾಳೆ, ಸಂಬಳ ಬೇರೆ ಕೊಡ್ತಾರೆ" ಎಂದು ಅವನು ಗಿರಾಕಿಗಳನ್ನು ನಗಿಸುತ್ತಿದ್ದ. ಸಂಜೆ ಕೆಲಸ ಮುಗಿಸಿ ಅವಳು ಅಂಗಡಿಯ ಮುಂದೆ ನಿಂತು ದಿನವೂ ಕೇಳುವ ಪ್ರಶ್ನೆ ಒಂದೇ: "ಬೀಗ ಹಾಕಿದ್ರಾ?" ಊರ ಬಾಗಿಲಿಗೆಲ್ಲ ಬೀಗ ಹಾಕಿಸುವವನು ತನ್ನ ಅಂಗಡಿಗೆ ಹಾಕಲು ಮರೆಯುತ್ತಿದ್ದ.

ಆ ದನಿಗೇ ಕುತ್ತು ಬಂತು. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ವೈದ್ಯರು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಬೇರೆ ಊರಿನಲ್ಲಿದ್ದ ಮಗಳು ಆಗ ಬಸುರಿ. ಹುಟ್ಟುವ ಮಗು ಅಜ್ಜಿಯ ದನಿಯನ್ನು ಕೇಳುವುದೇ ಇಲ್ಲವಲ್ಲ ಎಂಬ ಸಂಕಟ ಅವಳನ್ನು ಗಡ್ಡೆಗಿಂತ ಹೆಚ್ಚು ತಿನ್ನುತ್ತಿತ್ತು.

ದಾರಿ ತೋರಿಸಿದವಳು ಬೀಗಣ್ಣನ ಹೆಂಡತಿಯ ತಂಗಿ. ಒಂದು ಕಾಲೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವಳದು.

"ಅಕ್ಕಾ, ಆಪರೇಷನ್‌ಗೆ ಇನ್ನೂ ಟೈಮಿದೆ. ಮಗೂಗೆ ಹೇಳ್ಬೇಕಾದ್ದನ್ನೆಲ್ಲ ಈಗಲೇ ಹೇಳಿ ಇಟ್ಬಿಡೆ" ಎಂದು ಮೈಕೊಂದನ್ನು ತಂದು ಮನೆಯ ಕಂಪ್ಯೂಟರಿಗೆ ಜೋಡಿಸಿಕೊಟ್ಟಳು.

ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು ಅವಳು ದಿನವೂ ಮಾತನಾಡಿದಳು. ಕಥೆ ಹೇಳಿದಳು, ಜೋಗುಳ ಹಾಡಿದಳು. ಬರಿಯ ಮನೆಮಾತನ್ನೂ ಹೇಳಿಟ್ಟಳು: "ಬಾರೋ ಕಂದಾ", "ಬಿದ್ಯಾ? ಎಲ್ಲಿ, ತೋರ್ಸು", "ಹಲ್ಲು ಉಜ್ಜಿದ್ಯಾ?", "ನಿಮ್ಮಜ್ಜ ಹೇಳಿದ್ದರಲ್ಲಿ ಅರ್ಧ ಮಾತ್ರ ನಂಬು." ಬೀಗಣ್ಣ ಪಕ್ಕದ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಿದ್ದ. ಅವಳು ಕಾಣದ ಹಾಗೆ ಅತ್ತದ್ದೂ ಉಂಟು.

ಊರಿಗೆ ಹೊರಡುವ ಮೊದಲು ತಂಗಿ ಭಾವನನ್ನು ಕೂರಿಸಿಕೊಂಡು ಹೇಳಿದಳು: "ಭಾವ, ಈ ಕಂಪ್ಯೂಟರಿನ ಜೊತೆಗೇ ಒಂದು ಆಂಟಿವೈರಸ್ ಬಂದಿದೆ. ಆನ್ ಇದೆ, ತಾನೇ ಅಪ್‌ಡೇಟ್ ಆಗುತ್ತೆ. ನಿಮ್ಮ ಮನೆಗೆ ಇದು ಸಾಕು. ಆದರೆ ಅಕ್ಕನ ರೆಕಾರ್ಡಿಂಗ್ ಮುಗಿದ ಕೂಡಲೇ ಎಲ್ಲಾನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಆ ಡಿಸ್ಕನ್ನ ಬಿಚ್ಚಿ ಬೀರುವಿನಲ್ಲಿ ಇಡಿ."

"ಜೊತೇಲಿ ಪುಕ್ಕಟೆ ಬಂದ ಬೀಗ ಎಂದಾದ್ರೂ ಗಟ್ಟಿ ಇರುತ್ತೇನಮ್ಮಾ? ಪೆಟ್ಟಿಗೆ ಜೊತೆ ಬರೋ ಬೀಗ ಎಷ್ಟು ನೋಡಿಲ್ಲ ನಾನು! ತಲೆ ಪಿನ್ನು ಹಾಕಿದ್ರೆ ಬಾಯಿ ಬಿಡುತ್ತೆ."

"ಇದು ಕಬ್ಬಿಣದ ಬೀಗ ಅಲ್ಲ ಭಾವ."

"ಬೀಗ ಬೀಗಾನೇ. ಒಂದು ಹಾಕಿದ್ರೆ ಭಯ, ಎರಡು ಹಾಕಿದ್ರೆ ಅರ್ಧ ಭಯ, ಮೂರು ಹಾಕಿದ್ರೆ ನಿದ್ದೆ. ಬೀಗದವನಿಗೇ ಬೀಗದ ಪಾಠ ಹೇಳ್ತೀಯಲ್ಲ!"

"ಸರಿ, ಡಿಸ್ಕಾದ್ರೂ ತರ್ತೀರಾ?"

"ತರೋಣ, ತರೋಣ" ಎಂದ ಬೀಗಣ್ಣ. ತರಲಿಲ್ಲ.

ಹೆಂಡತಿ ಆಸ್ಪತ್ರೆ ಸೇರಿದಳು. ಆಪರೇಷನ್ ಆಯಿತು. ಕತ್ತಿಗೆ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದವಳನ್ನು ನೋಡಿ ಬಂದ ಬೀಗಣ್ಣನಿಗೆ ಮನೆಯ ಮೌನ ತಡೆಯಲಾಗಲಿಲ್ಲ. ಇನ್ನು ಅವಳ ದನಿ ಇರುವುದು ಈ ಡಬ್ಬಿಯಲ್ಲಿ ಮಾತ್ರ. ಇದಕ್ಕೆ ಭದ್ರವಾದ ಬೀಗ ಬೇಡವೇ? ಪಕ್ಕದ ಝೆರಾಕ್ಸ್ ಅಂಗಡಿಯವನ ಪೆನ್‌ಡ್ರೈವ್‌ನಿಂದ ಎರಡನೆಯ ಆಂಟಿವೈರಸ್ ಹಾಕಿಸಿಕೊಂಡ. ಆಮೇಲೆ ಕಂಪ್ಯೂಟರು ಕುಂಟತೊಡಗಿತು. ಒಂದು ರೆಕಾರ್ಡಿಂಗ್ ತೆರೆಯಲು ಹೋದರೆ ಅವಳ ದನಿ ತಡವರಿಸಿ ತಡವರಿಸಿ ಬರುತ್ತಿತ್ತು. ಬೀಗಣ್ಣ ಗಾಬರಿಯಾದ.

ಪರಿಹಾರ ಹುಡುಕುತ್ತ ಇಂಟರ್ನೆಟ್‌ನಲ್ಲಿ ಏನನ್ನೋ ತೆರೆದ. ಪರದೆ ತಟಕ್ಕನೆ ಕೆಂಪಾಯಿತು. ಸೈರನ್ ಹೊಡೆದುಕೊಂಡಿತು. "ಅಪಾಯ! ನಿಮ್ಮ ಕಂಪ್ಯೂಟರಿನ ತುಂಬ ವೈರಸ್ ಇವೆ. ನಿಮ್ಮ ಫೈಲುಗಳು ನಾಶವಾಗುತ್ತಿವೆ. ರಕ್ಷಿಸಲು ಇಲ್ಲಿ ಒತ್ತಿ." ಅವನಿಗೆ ಕಂಡದ್ದು ಒಂದೇ ಮಾತು, ನಾಶ. ಒತ್ತಿದ. ಹೊಸ ಕಾವಲುಗಾರ ಒಳಗೆ ಬರುವ ಮುನ್ನ ಒಂದು ಷರತ್ತು ಹಾಕಿದ: ಮೊದಲಿನ ಆಂಟಿವೈರಸ್‌ಗಳನ್ನು ಆಫ್ ಮಾಡಿ. ಬೀಗಣ್ಣ ಆಫ್ ಮಾಡಿದ. ಮನೆ ಕಾಯುತ್ತಿದ್ದವನನ್ನು ತನ್ನ ಕೈಯಾರೆ ಕತ್ತು ಹಿಡಿದು ಆಚೆ ದಬ್ಬಿದ.

ಸ್ವಲ್ಪ ಹೊತ್ತು ಎಲ್ಲ ತಣ್ಣಗಿತ್ತು. ಅವನು ನಿಟ್ಟುಸಿರು ಬಿಟ್ಟು ಆಸ್ಪತ್ರೆಗೆ ಹೋಗಿಬಂದ. ಬಂದು ನೋಡಿದರೆ ರೆಕಾರ್ಡಿಂಗ್‌ಗಳ ಹೆಸರುಗಳೆಲ್ಲ ಅರ್ಥವಿಲ್ಲದ ಅಕ್ಷರಗಳಾಗಿದ್ದವು. ಯಾವುದೂ ತೆರೆಯಲಿಲ್ಲ. ಪರದೆಯ ನಡುವೆ ಒಂದು ಸಂದೇಶ: "ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ. ಹಣ ಕಳಿಸಿದರೆ ಕೀ ಕೊಡುತ್ತೇವೆ."

ಬೀಗಣ್ಣ ಫೋನಿನಲ್ಲಿ ತೊದಲಿದ್ದು ನಾದಿನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಮೊದಲು ಇಂಟರ್ನೆಟ್ ಆಫ್ ಮಾಡಿ ಭಾವ. ಬೇರೆ ಏನನ್ನೂ ಮುಟ್ಬೇಡಿ" ಎಂದವಳು ಸಿಕ್ಕಿದ ಬಸ್ಸು ಹತ್ತಿ ಬಂದಳು. ಬಂದು ಬಹಳ ಹೊತ್ತು ಕಂಪ್ಯೂಟರಿನ ಮುಂದೆ ಕೂತಳು. ಬೀಗಣ್ಣ ಅವಳ ಮುಖವನ್ನೇ ನೋಡುತ್ತ ನಿಂತಿದ್ದ.

"ಕೇಳಿದ್ದು ಕೊಟ್ಬಿಡ್ತೀನಮ್ಮಾ. ಅಂಗಡಿ ಹೋದ್ರೂ ಹೋಗ್ಲಿ."

"ಬೇಡ ಭಾವ. ಕಳ್ಳನ ಮಾತಿಗೆ ಏನು ಗ್ಯಾರಂಟಿ? ಕೊಟ್ಟ ಮೇಲೂ ಕೀ ಕೊಡದೆ ಕೈ ಎತ್ತಿದವರಿದ್ದಾರೆ. ಪೊಲೀಸರಿಗೆ ದೂರು ಕೊಡೋಣ."

"ಹಾಗಾದ್ರೆ ಆ ಕೀ ಯಾವ ತರಹದ್ದು ಹೇಳು. ನಾನೇ ಕೊರೀತೀನಿ."

ನಾದಿನಿ ತಲೆ ತಗ್ಗಿಸಿದಳು. "ಅದರ ಹಲ್ಲು ಎಣಿಸೋಕೆ ನಮ್ಮ ಜನ್ಮ ಸಾಲಲ್ಲ ಭಾವ."

ಬೀಗಣ್ಣ ಬೆರಳು ಮಡಿಸಿ ಎಣಿಸಿದ. "ಮೂರು ಮೂರು ಕಾವಲು ಹಾಕಿದ್ದೆನಲ್ಲಮ್ಮಾ!"

"ಎಲ್ಲಿಯ ಮೂರು? ಎರಡು ಆಂಟಿವೈರಸ್ ಒಟ್ಟಿಗೆ ಓಡಿದ್ರೆ ಒಂದನ್ನೊಂದು ಕಳ್ಳ ಅಂತ ಹಿಡ್ಕೊಂಡು ಕೂರ್ತವೆ. ಅದಕ್ಕೇ ಕಂಪ್ಯೂಟರ್ ಕುಂಟಿದ್ದು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತಾರಲ್ಲ, ಹಾಗಾಯ್ತು. ಆ ಮೂರನೆಯದು ಆಂಟಿವೈರಸ್ಸೇ ಅಲ್ಲ. ಕಾವಲುಗಾರನ ವೇಷ ಹಾಕ್ಕೊಂಡು ಬಂದ ಕಳ್ಳ."

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಆ ಬೇಲಿಯನ್ನು ಹೊತ್ತು ತಂದು ನೆಟ್ಟವನು ಬೀಗಣ್ಣನೇ.

ಹೆಂಡತಿ ಮನೆಗೆ ಬಂದಳು. ಅವಳ ಕೈಯಲ್ಲೊಂದು ಸ್ಲೇಟು, ಸೀಮೆಸುಣ್ಣ. ಒಳಗೆ ಬಂದವಳೇ ಕಂಪ್ಯೂಟರಿನ ಮುಂದೆ ಕೂತು, ಒಂದು ಕಥೆ ಹಾಕಿ ಎಂದು ಕೈಸನ್ನೆ ಮಾಡಿದಳು. ತನ್ನ ದನಿ ಹೇಗಿತ್ತೆಂದು ಅವಳಿಗೇ ಒಮ್ಮೆ ಕೇಳಬೇಕಿತ್ತು. ಗಂಡ ಅಲುಗಾಡಲಿಲ್ಲ. ಅವಳು ಸ್ಲೇಟಿನ ಮೇಲೆ ಬರೆದಳು: "ಎಲ್ಲಿ?"

"ಇಲ್ಲ ಕಣೇ" ಎಂದ. "ಕಾಪಾಡೋಕೆ ಹೋದೆ. ನಾನೇ ಕಳ್ಕೊಂಡೆ."

ಅವಳು ಅತ್ತಳು. ಅಳುವಿಗೂ ದನಿ ಬೇಕು ಎಂಬುದು ಅವನಿಗೆ ಆಗ ಗೊತ್ತಾಯಿತು. ಬಾಯಿ ತೆರೆದು, ಭುಜ ಕುಲುಕುತ್ತ, ಚೂರೂ ಸದ್ದಿಲ್ಲದೆ ಅವಳು ಅಳುವುದನ್ನು ಅವನು ನೋಡಬೇಕಾಯಿತು.

ಉಳಿದದ್ದು ಒಂದೇ ಒಂದು. ಮೊದಲ ದಿನ ಮೈಕು ಸರಿಯಿದೆಯೇ ಎಂದು ನೋಡಲು ಅವಳು ತಂಗಿಯ ಫೋನಿಗೆ ಕಳಿಸಿದ್ದ ಮಾತು: "ಹಲೋ, ಹಲೋ, ಕೇಳಿಸ್ತಿದೆಯೇನೇ?"

ದಿನಗಳು ಕಳೆದವು. ಕಂಪ್ಯೂಟರಿಗೆ ಹೊಸ ಡಿಸ್ಕು ಹಾಕಿಸಿದರು. ಬೀಗಣ್ಣ ಅದರ ಹತ್ತಿರ ಸುಳಿಯಲಿಲ್ಲ. "ಈ ಸಹವಾಸವೇ ಬೇಡ, ಮಾರಿಬಿಡೋಣ" ಎಂದ. ಹೆಂಡತಿ ಸ್ಲೇಟಿನಲ್ಲಿ ಬರೆದಳು: "ಮಗುವಿನ ಫೋಟೋ ಎಲ್ಲಿ ಇಡೋದು?" ಅವನು ಮಾರುವ ಮಾತು ಬಿಟ್ಟ. ನಾದಿನಿಯನ್ನು ಮತ್ತೆ ಕರೆಸಿದ. ಈ ಸಲ ಬೀಗದವನು ಬೀಗಲಿಲ್ಲ, ಶಾಲೆಯ ಮಗುವಿನಂತೆ ಕೇಳಿದ.

"ಒಳ್ಳೇದು ಯಾವುದು, ಕಳ್ಳ ಯಾವುದು ಅಂತ ತಿಳಿಯೋದು ಹೇಗಮ್ಮಾ?"

"ಭಾವ, ದಾರೀಲಿ ಹೋಗೋ ಯಾರೋ ಬಾಗಿಲು ಬಡಿದು 'ನಿಮ್ಮ ಬೀಗ ಕೆಟ್ಟಿದೆ, ಕೀ ಕೊಡಿ' ಅಂದ್ರೆ ಕೊಡ್ತೀರಾ?"

"ಕೊಡೋದೇ? ಒದ್ದು ಓಡಿಸ್ತೀನಿ."

"ಇದೂ ಹಾಗೇ. ಇಂಟರ್ನೆಟ್ ಪುಟಕ್ಕೆ ನಿಮ್ಮ ಕಂಪ್ಯೂಟರ್ ಒಳಗೆ ವೈರಸ್ ಇದೆಯೋ ಇಲ್ಲವೋ ಕಾಣಿಸೋದೇ ಇಲ್ಲ. ಹೆದರಿಸಿ ಮಾರೋದು ಆಂಟಿವೈರಸ್ ಅಲ್ಲ. ಅಂಥ ಪುಟ ಬಂದ್ರೆ ಏನೂ ಒತ್ತದೆ ಮುಚ್ಚಿ. ಮುಚ್ಚೋಕೆ ಆಗ್ಲಿಲ್ವಾ, ಕಂಪ್ಯೂಟರನ್ನೇ ಆಫ್ ಮಾಡಿ."

"ಜೊತೇಲಿ ಬಂದಿದ್ದು ಸಾಕು ಅಂದಿದ್ದೆ ನೀನು."

"ಆನ್ ಇದ್ದು, ಅಪ್‌ಡೇಟ್ ಆಗ್ತಿದ್ರೆ ಎಷ್ಟೋ ಮನೆಗಳಿಗೆ ಅದೇ ಸಾಕು. ಬೇರೆ ಬೇಕೇ ಬೇಕು ಅಂದ್ರೆ ಒಂದನ್ನೇ ಹಾಕಿ. ಪೆನ್‌ಡ್ರೈವ್‌ನಲ್ಲಿ ಯಾರೋ ಕೊಟ್ಟದ್ದು ಬೇಡ. ತಯಾರಿಸಿದ ಕಂಪನಿಯ ಸ್ವಂತ ವೆಬ್‌ಸೈಟ್ ವಿಳಾಸ ನೀವೇ ಟೈಪ್ ಮಾಡಿ ತಗೊಳ್ಳಿ. ಆಂಟಿವೈರಸ್‌ಗಳನ್ನ ಪರೀಕ್ಷೆ ಮಾಡಿ ಅಂಕ ಕೊಡೋ ಸಂಸ್ಥೆಗಳಿವೆ, ಅದಕ್ಕೆ ಎಷ್ಟು ಬಂದಿದೆ ನೋಡಿ. ಮೊದಲ ವರ್ಷದ ಬೆಲೆ ನೋಡಿ ಮರುಳಾಗ್ಬೇಡಿ, ಎರಡನೇ ವರ್ಷ ಎಷ್ಟು ಕೇಳ್ತಾರೆ ಅಂತಾನೂ ಓದಿ. ಏನೇ ಹಾಕೋವಾಗ್ಲೂ, ಇರೋ ಕಾವಲು ಆಫ್ ಮಾಡು ಅಂತ ಪುಟದಲ್ಲೋ ಫೋನಿನಲ್ಲೋ ಯಾರಾದ್ರೂ ಅಂದ್ರೆ ಅಲ್ಲೇ ನಿಲ್ಲಿಸಿ, ಗೊತ್ತಿದ್ದವರನ್ನ ಕೇಳಿ."

"ಇಷ್ಟು ಮಾಡಿದ್ರೆ ಭದ್ರಾನಾ?"

"ಒಡೆಯೋಕೇ ಆಗದ ಬೀಗ ಇದೆಯಾ ಭಾವ?"

ಬೀಗಣ್ಣ ಇಲ್ಲವೆಂದು ತಲೆಯಾಡಿಸಿದ. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿ ಯಾರಿದ್ದರು?

"ಅದಕ್ಕೇ ಇನ್ನೊಂದು ಕಾಪಿ. ಹೊರಗಿನ ಡಿಸ್ಕಿಗೆ ತುಂಬಿ, ಬಿಚ್ಚಿ ಎತ್ತಿಡಿ. ತಗಲಿಸಿಯೇ ಬಿಟ್ರೆ ಕಳ್ಳ ಅದಕ್ಕೂ ಬೀಗ ಜಡೀತಾನೆ."

ಆ ಸಂಜೆಯೇ ಅವನು ಹೊರಗಿನ ಡಿಸ್ಕು ತಂದ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ಬೀದಿಯವರು ನಕ್ಕಿರಬಹುದು. ಅವನು ನಗಲಿಲ್ಲ. ಕಂಪ್ಯೂಟರಿನಿಂದ ಬಿಚ್ಚಿದ ಹಳೆಯ ಡಿಸ್ಕನ್ನು ಎಸೆಯಲೂ ಇಲ್ಲ. ಅಂಥ ಬೀಗಗಳ ಕೆಲವು ಕೀಗಳು ವರ್ಷಗಳ ಮೇಲೆ ಪತ್ತೆಯಾದದ್ದುಂಟು ಎಂದು ನಾದಿನಿ ಹೇಳಿದ್ದಳು. ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದ್ದಳು. ಡಿಸ್ಕನ್ನು ಅವನು ಅಂಗಡಿಯ ಗೋಡೆಯಲ್ಲಿ, ಬೀಗದ ಕೈಗಳ ನಡುವೆ ತೂಗುಹಾಕಿದ. "ನಾನು ತೆಗೀಲಾರದ ಬೀಗ ಅದು" ಎಂದು ಕೇಳಿದವರಿಗೆಲ್ಲ ಹೇಳುತ್ತಾನೆ.

ಮಗು ಹುಟ್ಟಿತು. ಮಗಳು ಅದನ್ನು ಎತ್ತಿಕೊಂಡು ಬಂದ ದಿನ, ಚಿಕ್ಕಮ್ಮನ ಫೋನಿನಲ್ಲಿದ್ದ ಆ ಒಂದು ಮಾತನ್ನು ಅದರ ಕಿವಿಯ ಹತ್ತಿರ ಹಿಡಿದಳು. "ಹಲೋ, ಹಲೋ, ಕೇಳಿಸ್ತಿದೆಯೇನೇ?" ಮಗು ಅಳು ನಿಲ್ಲಿಸಿ ಕತ್ತು ತಿರುಗಿಸಿತು. ಎದುರಿಗೇ ಕೂತಿದ್ದ ಅಜ್ಜಿಯನ್ನು ಬಿಟ್ಟು ಫೋನಿನ ಕಡೆ ನೋಡಿತು. ಮಾತು ಮುಗಿದುಹೋಯಿತು. ಇನ್ನೇನೋ ಬರುತ್ತದೆಂದು ಮಗು ಕಾಯುತ್ತಲೇ ಇತ್ತು.

ಅಜ್ಜಿ ಮುಖ ಒರೆಸಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿ, ಗಾಳಿಯಲ್ಲಿ ಕೀ ತಿರುವುವ ಹಾಗೆ ಕೈ ತಿರುವಿದಳು. ಬೀಗ ಹಾಕಿದ್ರಾ?

"ಹಾಕಿದ್ದೀನಿ ಕಣೇ. ಕಾಪೀನೂ ಎತ್ತಿಟ್ಟಿದ್ದೀನಿ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಮತ್ತೆ ಸಿಗದ ಯಾರದೋ ಮುಖ, ಯಾರದೋ ದನಿ ಇರುತ್ತದೆ. ಇವತ್ತೇ ಎದ್ದು ಹೋಗಿ ನೋಡಿ. ಕಾವಲು ಆನ್ ಇದೆಯೇ? ಒಂದೇ ಇದೆಯೇ? ನಂಬಿಕಸ್ಥ ಜಾಗದಿಂದ ಬಂದದ್ದೇ? ಇನ್ನೊಂದು ಕಾಪಿ ಬೀರುವಿನಲ್ಲಿದೆಯೇ? ಹೆದರಿಸುವ ಕೆಂಪು ಪರದೆ ಬಂದರೆ ಬೀಗಣ್ಣನನ್ನು ನೆನೆದು ಕೈ ಹಿಂದಕ್ಕೆ ತೆಗೆಯಿರಿ. ಹೇಳಲು ಆ ಅಜ್ಜಿಗೆ ಈಗ ದನಿಯಿಲ್ಲ. ಅವಳ ಪರವಾಗಿ ನಾವು ಹೇಳುತ್ತಿದ್ದೇವೆ.

ಹಲೋ, ಹಲೋ, ಕೇಳಿಸ್ತಿದೆಯಾ?